ಅದರ ಪಾಲು

ನಮ್ಮೂರಿನವರು ಈಗ ಆ ಪ್ರಾಣಿಗಳ ಮಾತು ಬಂದರೆ ತೋಳ ಅನ್ನುತ್ತಾರೆ. ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ತೋಳಕ್ಕೆ ಮನುಷ್ಯರನ್ನು ಕಂಡರೆ ಭಯ. ಇವುಗಳಲ್ಲೊಂದನ್ನು ನಾನು ಹಾಡಹಗಲಲ್ಲಿ, ನಮ್ಮ ಮನೆಯ ಅಂಗಳದಲ್ಲೇ, ನನ್ನ ಮಗಳಿಂದ ಎರಡು ಮೊಳ ದೂರದಲ್ಲಿ ಕೂತಿದ್ದಾಗ ನೋಡಿದ್ದೇನೆ. ಆವತ್ತು ಭಯಪಟ್ಟವಳು ನಾನು, ಅದಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳ ಮಾತಿದು. ನಾನು ಬಂಗಾರಪೇಟೆಯ ಹುಡುಗಿ, ಅಪ್ಪ ರೈಲ್ವೆಯಲ್ಲಿ ಹಳಿ ನೋಡಿಕೊಳ್ಳುವ ಗ್ಯಾಂಗ್‌ಮನ್. ಎಸ್ಸೆಸ್ಸೆಲ್ಸಿ ಪಾಸಾಗಿದ್ದೆ, ಬಾಯಿ ಜೋರಿತ್ತು, ಕುರಿಯ ವಾಸನೆ ಅಂದರೆ ಆಗುತ್ತಿರಲಿಲ್ಲ. ಅಂಥವಳನ್ನು ಕ್ಯಾಸಂಬಳ್ಳಿ ಕಡೆಯ ಒಂದು ಹಳ್ಳಿಗೆ, ಕುರಿ ಸಾಕುವ ಮನೆಗೆ ಕೊಟ್ಟರು. ಗಂಡ ಮಾತ್ರ ಕುರಿಯ ಹಿಂದೆ ಹೋಗುತ್ತಿರಲಿಲ್ಲ. ಚಾಂಪಿಯನ್ ರೀಫ್ಸ್‌ನ ಚಿನ್ನದ ಗಣಿಯಲ್ಲಿ ಭೂಮಿಯೊಳಗೆ ಇಳಿಯುವ ಕೆಲಸ ಅವರದು, ದಿನಾ ಸೈಕಲ್ಲಿನಲ್ಲಿ ಹೋಗಿ ಬರುವುದು. ನಲವತ್ತು ಕುರಿಗಳ ಮಂದೆಯನ್ನು ನೋಡಿಕೊಳ್ಳುತ್ತಿದ್ದವರು ಅತ್ತೆ. ಒಣಗಿದ ಜಾಲಿ ಮರದ ಹಾಗೆ ಗಟ್ಟಿ ಹೆಂಗಸು. ಗಂಡ ಸತ್ತಮೇಲೆ ಮಗನನ್ನೂ ಮಂದೆಯನ್ನೂ ಒಬ್ಬರೇ ಬೆಳೆಸಿದವರು. ನನ್ನ ಅಡುಗೆಯಲ್ಲಿ ಉಪ್ಪು ಹೆಚ್ಚಾದರೆ ಊರಿಗೆಲ್ಲ ಕೇಳುವ ಹಾಗೆ ಬೈದು, ಆಮೇಲೆ ಎರಡು ಸಲ ಬಡಿಸಿಕೊಂಡು ತಿನ್ನುವವರು. ನಮ್ಮಿಬ್ಬರಿಗೂ ಜಗಳವಿತ್ತು, ಆದರೆ ಆ ಜಗಳದಲ್ಲಿ ವಿಷವಿರಲಿಲ್ಲ.

ಆ ಮನೆಯಲ್ಲಿ ಒಂದು ನೇಮವಿತ್ತು. ಬಯಲಲ್ಲಿ ತೋಳದ ಹೆಸರು ಎತ್ತಬಾರದು, 'ಅದು' ಅನ್ನಬೇಕು. ಅದು ಮರಿ ಹಿಡಿದರೆ ಅಟ್ಟಿಸಿಕೊಂಡು ಹೋಗಿ ಬಾಯಿಂದ ಕಿತ್ತುಕೊಳ್ಳಬಾರದು, ಹಿಡಿದದ್ದು ಅದರ ಪಾಲು. ಹೊಟ್ಟೆಯುಬ್ಬಿಯೋ ಕಾಯಿಲೆಯಿಂದಲೋ ಮರಿ ಸತ್ತರೆ ಹೂಳುವುದೂ ಇಲ್ಲ. ಹಳ್ಳದಾಚೆ ಒಂದು ಚಪ್ಪಟೆ ಬಂಡೆ ಇದೆ, ಅದರ ಮೇಲೆ ಮಲಗಿಸಿ ಹಿಂತಿರುಗಿ ನೋಡದೆ ಬರಬೇಕು. ಅತ್ತೆ ಆಂಧ್ರದ ಗಡಿಯಾಚೆಯ ಹಳ್ಳಿಯವರು, ಬಂಡೆಯ ಹತ್ತಿರ ಮಾತ್ರ ತವರಿನ ತೆಲುಗಿನಲ್ಲೇ ಹೇಳುತ್ತಿದ್ದರು: "ನೀ ಪಾಲು ತೀಸ್ಕೋ, ನಾ ಪಾಲು ವದಿಲೆಯ್." ನಿನ್ನ ಪಾಲು ತಗೋ, ನನ್ನ ಪಾಲು ಬಿಡು. ಪಾಲು ತಿಂದ ತೋಳ ತಿಂಗಳುಗಟ್ಟಲೆ ಈ ಕಡೆ ಬರುವುದಿಲ್ಲ ಎಂದು ಅವರ ನಂಬಿಕೆ. ಬರುತ್ತಲೂ ಇರಲಿಲ್ಲವಂತೆ. ಹೊಸದಾಗಿ ಬಂದ ನಾನು ಇದನ್ನು ಕೇಳಿ ನಕ್ಕಿದ್ದೆ. ಸುಮ್ಮನೆ ಹೇಳುತ್ತಿಲ್ಲ, ಅವರ ಎದುರೇ ನಕ್ಕಿದ್ದೆ.

ಈ ಹೊಸ ಪ್ರಾಣಿಗಳನ್ನು ನಮ್ಮ ಮನೆಯವರಲ್ಲಿ ಮೊದಲು ಕಂಡವರು ನನ್ನ ಗಂಡ. ಬೆಳಗಿನ ಪಾಳಿ ಮುಗಿಸಿಕೊಂಡು, ಗಣಿಯ ಮಣ್ಣು ಸುರಿದು ಸುರಿದು ಎದ್ದಿದ್ದ ಸಯನೈಡ್ ಗುಡ್ಡದ ಬುಡದಲ್ಲಿ ಬರುತ್ತಿದ್ದರಂತೆ. ದಾರಿಗೆ ಅಡ್ಡವಾಗಿ ಐದು ನಿಂತಿದ್ದವು. ಸೈಕಲ್ ಬೆಲ್ ಬಾರಿಸಿದರೂ ಕದಲಲಿಲ್ಲ. ಕಲ್ಲೆತ್ತಿದರೂ ಕದಲಲಿಲ್ಲ, ಎತ್ತಿದ ಕೈಯನ್ನೇ ನೋಡಿದವಂತೆ. ಕೊನೆಗೆ ಇವರೇ ಸೈಕಲ್ ತಳ್ಳಿಕೊಂಡು ಹೊಲಕ್ಕಿಳಿದು ಸುತ್ತು ಹಾಕಿ ಬಂದರು. ಮಾರನೆಯ ದಿನ ಗಣಿಯಲ್ಲಿ ಹೇಳಿದರೆ ಯಾರೂ ನಗಲಿಲ್ಲ. ಜೊತೆಗೆ ಕೆಲಸ ಮಾಡುವ ಕೋರಮಂಡಲ್ ಗಣಿ ಕಾಲೊನಿಯ ತಮಿಳಿನವರೊಬ್ಬರು, "ಪಾತ್ತೇನ್ ಪಾ. ಓನಾಯುಮ್ ಇಲ್ಲೆ, ನಾಯುಮ್ ಇಲ್ಲೆ" ಅಂದರಂತೆ. ನೋಡಿದೆ, ತೋಳವೂ ಅಲ್ಲ ನಾಯಿಯೂ ಅಲ್ಲ ಎಂದು.

ಮೈಬಣ್ಣ ಆ ಗುಡ್ಡದ್ದೇ, ಬೂದಿ ಬೆರೆತ ಬಿಳುಪು. ಎತ್ತರದಲ್ಲಿ ನಾಯಿಗಿಂತ ಒಂದು ಗೇಣು ಹೆಚ್ಚು, ಎದೆ ಕಿರಿದು, ಕಾಲು ಉದ್ದ. ಕಿವಿ ಕೆಲವಕ್ಕೆ ನೆಟ್ಟಗೆ, ಕೆಲವಕ್ಕೆ ಮನೆನಾಯಿಯ ಹಾಗೆ ಜೋಲು. ಇಷ್ಟೇ ಆಗಿದ್ದರೆ ಯಾರೂ ಹೆದರುತ್ತಿರಲಿಲ್ಲ. ಅವು ಬೊಗಳುತ್ತಿರಲಿಲ್ಲ, ಊಳಿಡುತ್ತಿರಲಿಲ್ಲ, ಗುರ್ ಅನ್ನುತ್ತಲೂ ಇರಲಿಲ್ಲ. ಮಧ್ಯಾಹ್ನ ಗಂಡಸರು ಗಣಿಗೂ ಹೊಲಕ್ಕೂ ಹೋಗಿ ಊರು ಖಾಲಿಯಾಗಿರುವ ಹೊತ್ತನ್ನು ನೋಡಿಕೊಂಡು ಬರುತ್ತಿದ್ದವು. ಬೆಂಕಿಗೆ ಹೆದರುವುದಿಲ್ಲ, ಒಲೆಯ ಪಕ್ಕದಲ್ಲೇ ಹುಟ್ಟಿ ಬೆಳೆದವರ ಹಾಗೆ. ಬಾಗಿಲು ಯಾವ ಕಡೆ ತೆರೆಯುತ್ತದೆ ಎಂದು ಗೊತ್ತು. ಹಿತ್ತಿಲಿಗೆ ಹೋಗಿ ಒಗೆದ ಬಟ್ಟೆ ಹಿಂಡುತ್ತಾ ತಲೆಯೆತ್ತಿದರೆ ಬೇಲಿಯಾಚೆ ಒಂದು ಮುಖ ಇರುತ್ತಿತ್ತು. ಇವತ್ತಿಗೂ ನಾನು ಬೇಲಿಗೆ ಬೆನ್ನು ಹಾಕಿ ಬಟ್ಟೆ ಹಿಂಡುವುದಿಲ್ಲ.

ಎಲ್ಲಿಂದ ಬಂದವು ಎಂಬುದಕ್ಕೆ ಬಾಯಿಗೊಂದು ಕಥೆ. ಇಂಗ್ಲಿಷ್ ದೊರೆಗಳು ಗಣಿ ಬಿಟ್ಟು ಹೋಗುವಾಗ ತಮ್ಮ ಬೇಟೆನಾಯಿಗಳನ್ನು ಇಲ್ಲೇ ಬಿಟ್ಟರು, ಅವು ತೋಳದ ಜೊತೆ ಸೇರಿದವು ಅಂದವರಿದ್ದರು. ಗುಡ್ಡದಿಂದ ಬಸಿಯುವ ನೀರು ಕುಡಿದು ಹುಟ್ಟುವಾಗಲೇ ಹೀಗಾದವು ಅಂದವರೂ ಇದ್ದರು. ಶಾಲೆಯ ಮೇಷ್ಟ್ರು, ಇದು ಪ್ರಕೃತಿಯ ಕೆಲಸ, ಹೊಸ ಜಾಗಕ್ಕೆ ಹೊಸ ಪ್ರಾಣಿ ಹುಟ್ಟುತ್ತದೆ ಎಂದು ಪಾಠ ಮಾಡಿದರು. ಆ ಪಾಠ ನನಗೆ ಅರ್ಥವಾಯಿತು, ಆದರೆ ಅದರಿಂದ ಹಿತ್ತಿಲಿಗೆ ಹೋಗುವ ಧೈರ್ಯವೇನೂ ಬರಲಿಲ್ಲ. ಊರಿನವರು ಅರ್ಜಿ ಹಿಡಿದುಕೊಂಡು ಹೋದರೆ ಅರಣ್ಯ ಇಲಾಖೆಯವರು ಬಂದು ಹೆಜ್ಜೆ ನೋಡಿ, ತೋಳವಾದರೆ ನಮ್ಮದು, ಇದು ನಾಯಿ ಅಂದರು. ನಾಯಿ ಹಿಡಿಯುವವರನ್ನು ಕೇಳಿದರೆ ಇದು ತೋಳ ಅಂದರು. ಹೀಗೆ ಕುರಿ ತಿನ್ನುವ ಪ್ರಾಣಿ ಕಾಗದದಲ್ಲಿ ಇಲ್ಲವೇ ಇಲ್ಲ ಎಂದಾಯಿತು.

ಆಮೇಲೆ ಊರು ತನಗೆ ತಿಳಿದದ್ದನ್ನೆಲ್ಲ ಮಾಡಿತು. ತಮಟೆ ಬಾರಿಸಿದರು, ಪಟಾಕಿ ಹೊಡೆದರು, ಮಾರಮ್ಮನಿಗೆ ಕೋಳಿ ಕೊಯ್ದರು, ಊರಿನ ಸುತ್ತ ಮುಳ್ಳಿನ ಬೇಲಿ ಕಟ್ಟಿದರು. ಮಾಂಸಕ್ಕೆ ವಿಷ ಹಾಕಿ ಹಳ್ಳದ ದಡದಲ್ಲಿ ಇಟ್ಟರು. ಆ ಪ್ರಾಣಿಗಳು ಬಂದು ಮೂಸಿ, ಗಂಡಸರು ಅಡಗಿ ಕೂತಿದ್ದ ಕಡೆಗೊಮ್ಮೆ ನೋಡಿ ಹೋದವು. ತಿಂದು ಸತ್ತದ್ದು ನಮ್ಮೂರಿನ ನಾಯಿಗಳು. ಹೀಗೆ ಕಾವಲಿಗಿದ್ದದ್ದನ್ನು ನಾವೇ ಕೊಂದುಕೊಂಡು ಕೂತೆವು.

ಅತ್ತೆ ಇದಕ್ಕೆಲ್ಲ ತಲೆ ಹಾಕಲಿಲ್ಲ. ಅವರಿಗೆ ತಮ್ಮ ನೇಮ ಗೊತ್ತಿತ್ತು. ಮಂದೆಯಲ್ಲಿ ಸತ್ತ ಮರಿಯನ್ನು ಬಂಡೆಯ ಮೇಲಿಟ್ಟು ಮಾತು ಹೇಳಿ ಬಂದರು. ಪ್ರಾಣಿಗಳು ತಿಂದವು. ಆದರೆ ಹೋಗಲಿಲ್ಲ. ನಾಲ್ಕು ದಿನಕ್ಕೆ ಮತ್ತೆ ಬಂದು ಬಂಡೆಯ ಹತ್ತಿರ ಕಾದವು. ಅತ್ತೆ ಇನ್ನೊಂದು ಪಾಲು ಇಟ್ಟರು. ಸತ್ತದ್ದು ಇಲ್ಲದಿದ್ದಾಗ ಕುಂಟು ಮರಿಯನ್ನು ಕೊಟ್ಟರು. ನಾನು ಒಂದು ಮಧ್ಯಾಹ್ನ ಅವರಿಗೆ ಬುತ್ತಿ ತೆಗೆದುಕೊಂಡು ಹೋದಾಗ ನೋಡಿದೆ: ಅತ್ತೆ ಮಂದೆಯ ಮುಂದೆ ನಡೆಯುತ್ತಿದ್ದಾರೆ, ಹಿಂದೆ ಕುರಿ, ಕುರಿಯ ಹಿಂದೆ ಒಂದಷ್ಟು ದೂರದಲ್ಲಿ ಏಳು ಬೂದಿ ಬಣ್ಣದ ಪ್ರಾಣಿಗಳು, ಸಾಲಾಗಿ, ಸಾಕಿದ ನಾಯಿಗಳ ಹಾಗೆ. ನನ್ನ ನಾಲ್ಕು ವರ್ಷದ ಮಗಳು ಅವ್ವನ ಸೆರಗು ಹಿಡಿದುಕೊಂಡು ಜೊತೆಯಲ್ಲಿ ನಡೆಯುತ್ತಿದ್ದಳು. ನಮ್ಮ ಕಡೆ ಅಜ್ಜಿಯನ್ನು ಅವ್ವ ಅನ್ನುತ್ತೇವೆ. ಬುತ್ತಿಯ ಗಂಟು ಅಲ್ಲೇ ಬಿಟ್ಟು ಓಡಿ ಹೋಗಿ ಮಗಳನ್ನು ಎತ್ತಿಕೊಂಡೆ.

"ಅತ್ತೆ, ಇವು ತೋಳ ಅಲ್ಲ. ಕೊಟ್ಟಷ್ಟೂ ಬರ್ತವೆ. ನೀವು ಇವಕ್ಕೆ ಕಲಿಸ್ತಾ ಇದ್ದೀರಿ" ಎಂದು ಕೂಗಿದೆ.

"ಎಸ್ಸೆಸ್ಸೆಲ್ಸಿಲಿ ಇದೂ ಏಳ್ಕೊಟ್ಟವ್ರಾ?" ಅಂದರು ಅತ್ತೆ. "ಮುನ್ನೂರ್ ಕುರಿ ಕಾದೋನು ನಮ್ಮಪ್ಪ. ಪಾಲು ಕೊಟ್ಟೋರ್ ಮಂದೇನ ಅದು ಮುಟ್ಟಾಕಿಲ್ಲ. ನಮ್ ಮಂದೇಲಿ ಒಂದನ್ನಾದ್ರೂ ಇಡಿದೈತಾ, ಏಳು."

ಹಿಡಿದಿರಲಿಲ್ಲ. ಅದೇ ನನಗೆ ಹೆಚ್ಚು ಭಯವಾದದ್ದು. ಸುತ್ತಲ ಹಳ್ಳಿಗಳಲ್ಲಿ ಮಂದೆಗೆ ಮಂದೆ ಹರಿದುಹಾಕಿದ್ದವು, ನಮ್ಮದರಲ್ಲಿ ಒಂದು ಕೂದಲೂ ಕೊಂಕಿರಲಿಲ್ಲ. ಊರಿನವರು ಇದನ್ನು ನೋಡದೆ ಬಿಡುತ್ತಾರೆಯೇ? ಬಾವಿಯ ಹತ್ತಿರ ನಾನು ಹೋದರೆ ಮಾತು ನಿಲ್ಲುತ್ತಿತ್ತು. ಮುದುಕಿಯೇ ಅವನ್ನು ಸಾಕುತ್ತಿದ್ದಾಳೆ, ಗಡಿಯಾಚೆಯ ವಿದ್ಯೆ, ಕಂಡವರ ಕುರಿಯ ಮೇಲೆ ಬಿಡುತ್ತಿದ್ದಾಳೆ ಎಂದು ಮಾತು ಹಬ್ಬಿತು.

ಆ ಹೊತ್ತಿಗೆ ಪಕ್ಕದ ಹಳ್ಳಿಯಲ್ಲಿ ಆಗಬಾರದ್ದು ಆಯಿತು. ಕಣದಲ್ಲಿ ಒಬ್ಬ ತಾಯಿ ರಾಗಿ ತೂರುತ್ತಿದ್ದಳು. ಎರಡು ವರ್ಷದ ಹೆಣ್ಣುಕೂಸು ಹುಲ್ಲಿನ ಮೇಲೆ ಆಡುತ್ತಿತ್ತು. ತಾಯಿ ಮೊರ ಕೆಳಗಿಟ್ಟು ತಿರುಗಿ ನೋಡುವಷ್ಟರಲ್ಲಿ ಕೂಸಿಲ್ಲ. ಒಂದು ಸದ್ದೂ ಇಲ್ಲ. ಜನ ಓಡಿ ಅವುಗಳ ಬಾಯಿಂದ ಬಿಡಿಸಿಕೊಂಡರು, ಮಗು ಆಸ್ಪತ್ರೆ ಸೇರುವ ಮೊದಲೇ ಹೋಯಿತು. ನಾನು ಆ ತಾಯಿಯನ್ನು ನೋಡಲು ಹೋಗಿದ್ದೆ. ಅವಳು ಅಳುತ್ತಿರಲಿಲ್ಲ, ಬಂದವರಿಗೆಲ್ಲ ಮೊರವನ್ನು ಎಲ್ಲಿಟ್ಟೆ ಎಂದು ತೋರಿಸುತ್ತಿದ್ದಳು. ಇಲ್ಲಿ ಇಟ್ಟೆ, ಹಿಂಗೆ ತಿರುಗಿದೆ, ಇಷ್ಟೇ.

ಅದಾದ ವಾರಕ್ಕೆ, ಮಧ್ಯಾಹ್ನದ ಹೊತ್ತು, ನಾನು ಒಳಗೆ ಮುದ್ದೆ ತೊಳಸುತ್ತಿದ್ದೆ. ಗಣಿಯ ಆಳದಲ್ಲೆಲ್ಲೋ ಬಂಡೆ ಸಿಡಿದು ಭೂಮಿ ಅದುರಿತು, ಕಪಾಟಿನ ಪಾತ್ರೆಗಳು ಗಲಗಲ ಅಂದವು. ಆಗಾಗ ಹಾಗಾಗುತ್ತಿತ್ತು, ಆದಾಗಲೆಲ್ಲ ನನ್ನ ಗಂಡ ಕೆಳಗಿದ್ದಾರೋ ಮೇಲಿದ್ದಾರೋ ಎಂದು ಲೆಕ್ಕ ಹಾಕುತ್ತಾ ಬಾಗಿಲಿಗೆ ಬಂದು ನಿಲ್ಲುವುದು ಅಭ್ಯಾಸ. ಅಂದೂ ಬಂದೆ. ಮಗಳು ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದಳು. ಎದುರಿಗೆ ಅದು. ಹಿಂಡಿನ ಹಿರಿ ಹೆಣ್ಣು, ಒಂದು ಕಿವಿ ಹರಿದದ್ದು. ಮಗಳು ಬೆಳಗಿನ ಮುದ್ದೆಯ ತುಂಡನ್ನು ಅಂಗೈಯಲ್ಲಿಟ್ಟು ಅದರ ಮೂತಿಗೆ ಚಾಚಿ, "ನೀ ಪಾಲು ತೀಸ್ಕೋ" ಅನ್ನುತ್ತಿದ್ದಳು. ಅವ್ವನ ದನಿಯಲ್ಲೇ, ಅವ್ವನ ರಾಗದಲ್ಲೇ. ಅದು ನಾಲಗೆ ಚಾಚಿ ಮುದ್ದೆ ತೆಗೆದುಕೊಂಡಿತು. ಆಮೇಲೆ ನನ್ನನ್ನು ನೋಡಿತು. ಅದು ತಾನಾಗಿ ಎದ್ದು, ಅವಸರವಿಲ್ಲದೆ, ಬೇಲಿಯ ಕಂಡಿಯಿಂದ ಹೋಯಿತು. ಮಗಳ ಕೈಯೆಲ್ಲ ಜೊಲ್ಲಾಗಿತ್ತು. ಬೂದಿ ಹಾಕಿ ಚರ್ಮ ಕೆಂಪಾಗುವವರೆಗೆ ತಿಕ್ಕಿ ತೊಳೆದೆ, ಅವಳು ಅಳುತ್ತಿದ್ದರೂ ಬಿಡಲಿಲ್ಲ.

ಮಾರನೆಯ ಬೆಳಗ್ಗೆ ಊರಿನ ಗಂಡಸರು ನಮ್ಮ ಜಗಲಿಗೆ ಬಂದರು. ಆ ಪ್ರಾಣಿಗಳು ಬೇರೆ ಯಾರು ಇಟ್ಟದ್ದನ್ನೂ ಮುಟ್ಟುವುದಿಲ್ಲ, ಅತ್ತೆ ಇಟ್ಟದ್ದನ್ನು ಮಾತ್ರ ತಿನ್ನುತ್ತವೆ. ಒಂದು ಸಲ ವಿಷದ ಮರಿಯನ್ನು ಬಂಡೆಯ ಮೇಲೆ ಇಟ್ಟುಬಿಡಲಿ, ಊರು ಉಳಿಯುತ್ತದೆ ಅಂದರು. ಅತ್ತೆ ಎಲೆ ಅಡಿಕೆ ಉಗುಳಿ ಬಂದು ನಿಂತರು.

"ಒಡೀರಿ. ಬಂದೂಕ ತನ್ನಿ, ಬಲೆ ಆಕಿ, ಅಟ್ಟಾಡಿಸ್ಕಂಡ್ ಸಾಯ್ಸಿ. ನಾನ್ ಬ್ಯಾಡ ಅನ್ನಾಕಿಲ್ಲ. ನಿನ್ ಪಾಲು ಅಂತ ಕರ್ದು ಕೊಟ್ಟಿದ್ರಾಗೆ ವಿಷ ಇಕ್ಕು ಅಂತೀರಲ್ಲ, ಅದ್ ನನ್ ಕೈಲಾಗಾಕಿಲ್ಲ."

"ಕೂಸು ಸತ್ತೈತೆ ಕಣಮ್ಮೋ" ಅಂದರು ಒಬ್ಬರು.

"ಅದ್ಕೆ ನಾನೂ ಅತ್ತಿದ್ದೀನಿ. ಆದ್ರೂ ಇಕ್ಕಾಕಿಲ್ಲ."

ನಿಮ್ಮ ಮನೆಗೆ ನೀರು, ಬೆಂಕಿ, ಮಾತು ಎಲ್ಲ ನಿಲ್ಲಿಸುತ್ತೇವೆ ಎಂದು ಗಂಡಸರು ಹೊರಟರು. ನನ್ನ ಗಂಡ ಕಂಬಕ್ಕೆ ಒರಗಿ ನಿಂತೇ ಇದ್ದರು. ಹೋಗುವಾಗ ಒಬ್ಬರು ಕಾಗದದ ಪೊಟ್ಟಣವೊಂದನ್ನು ಜಗಲಿಯ ಮೂಲೆಯಲ್ಲಿ ಇಟ್ಟು ಹೋದರು. ಒಳಗೇನಿತ್ತು, ಎಲ್ಲಿಂದ ತಂದರು ಎಂದು ನಾನು ಕೇಳಲಿಲ್ಲ. ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡೆ. ಗಂಡ ನೋಡಿದರು, ಮತ್ತೆ ಬೇರೆ ಕಡೆ ನೋಡಿದರು.

ಮೂರು ದಿನ ಕಾದೆ. ನಾಲ್ಕನೆಯ ಬೆಳಗ್ಗೆ ದೊಡ್ಡಿಯಲ್ಲಿ ಒಂದು ಮರಿ ಹೊಟ್ಟೆಯುಬ್ಬಿ ಸತ್ತಿತ್ತು. ಅತ್ತೆ ಅದನ್ನು ಗೋಣಿಯ ಮೇಲೆ ಮಲಗಿಸಿ, ಮುಖ ತೊಳೆದು ಬರುತ್ತೇನೆ ಎಂದು ಹಿತ್ತಿಲಿಗೆ ಹೋದರು. ನಾನು ಮಾಡಬೇಕಾದ್ದನ್ನು ಅಷ್ಟರೊಳಗೆ ಮಾಡಿ, ಕೈ ತೊಳೆದು, ಅವರಿಗೆ ಕಾಫಿ ಕಾಯಿಸಿದೆ. ಕಾಫಿ ಕುಡಿದು, "ಇವತ್ ಬೆಲ್ಲ ಸರ್ಯಾಗಾಕಿದೀಯ" ಎಂದು ಹೊಗಳಿದರು. ಹೊಗಳುವ ಹೆಂಗಸಲ್ಲ ಅವರು. ಮರಿಯನ್ನು ಹೆಗಲಿಗೇರಿಸಿಕೊಂಡು ಹೋದರು. ಮಗಳನ್ನು ಒಳಗೆ ಕೂರಿಸಿ ಬಾಗಿಲಿಗೆ ಚಿಲಕ ಹಾಕಿ ನಾನೂ ಹಿಂದೆ ಹೋದೆ, ಹಳ್ಳದ ಈಚೆ ಬದುವಿನ ಮರೆಯಲ್ಲಿ ನಿಂತೆ.

ಏಳೂ ಬಂದಿದ್ದವು. ಅತ್ತೆ ಮರಿಯನ್ನು ಇಳಿಸುವವರೆಗೆ ಕೂತಿದ್ದವು. ಹರಿದ ಕಿವಿಯ ಹೆಣ್ಣು ಎಲ್ಲಕ್ಕಿಂತ ಮುಂದೆ. ಬಾಲ ಒಂದೇ ಒಂದು ಸಲ ಅಲ್ಲಾಡಿತು, ನಾನು ಸ್ಪಷ್ಟವಾಗಿ ನೋಡಿದೆ. ಅತ್ತೆ ತಮ್ಮ ಮಾತು ಹೇಳಿದರು, ತಿರುಗಿದರು, ನಡೆದರು. ಪ್ರಾಣಿಗಳು ಹರಿದು ಹಂಚಿಕೊಂಡು ತಿಂದವು. ಅತ್ತೆ ಹಳ್ಳಕ್ಕೆ ಇಳಿಯುವಷ್ಟರಲ್ಲಿ ಹಿಂದಿನಿಂದ ಒಂದು ಕೂಗು ಬಂತು. ಅಷ್ಟು ದಿನ ಒಂದು ಸದ್ದೂ ಮಾಡದವು, ಬಾಗಿಲಾಚೆ ಬಿಟ್ಟ ನಾಯಿಮರಿ ಅಳುವ ಹಾಗೆ ಕುಂಯ್ ಎಂದು ಅತ್ತವು. ಒಂದಾದ ಮೇಲೆ ಒಂದು. ಅತ್ತೆ ನಿಂತರು. ಅಷ್ಟು ವರ್ಷದಲ್ಲಿ ಮಾಡದ್ದನ್ನು ಮಾಡಿದರು, ಹಿಂತಿರುಗಿ ನೋಡಿದರು.

ಅವರು ವಾಪಸ್ ಹೋಗಿ ಅವುಗಳ ನಡುವೆ ಕೂತರು. ಹರಿದ ಕಿವಿಯದ್ದು ತೆವಳಿಕೊಂಡು ಬಂದು ಅವರ ಕಾಲ ಹತ್ತಿರವೇ ಬಿತ್ತು. ಅವರು ಅದರ ತಲೆ ಮುಟ್ಟಲಿಲ್ಲ, ಹಾಗೆಂದು ಎದ್ದೂ ಬರಲಿಲ್ಲ. ಕೂಗೆಲ್ಲ ನಿಂತ ಮೇಲೆ ತಲೆಯೆತ್ತಿ ಸುತ್ತ ನೋಡಿದರು. ನಾನು ಯಾವಾಗಲೋ ಬದುವಿನ ಮೇಲೆ ಹತ್ತಿ ನಿಂತಿದ್ದೆ. ಬಚ್ಚಿಟ್ಟುಕೊಳ್ಳಬೇಕೆಂದು ಹೊಳೆಯಲಿಲ್ಲ. ಅಷ್ಟು ದೂರದಿಂದ ಮುಖ ಕಾಣುತ್ತಿರಲಿಲ್ಲ, ಆದರೂ ಅವರಿಗೆ ತಿಳಿಯಿತೆಂದು ನನಗೆ ತಿಳಿಯಿತು.

ಊರಿಗೆ ಹಬ್ಬ. ಹೆಣಗಳನ್ನು ಎತ್ತಿನ ಗಾಡಿಯಲ್ಲಿ ಹಾಕಿ ಕ್ಯಾಸಂಬಳ್ಳಿ ಬಸ್ ನಿಲ್ಲುವ ಕಡೆಗೆ ತಮಟೆಯೊಂದಿಗೆ ಮೆರವಣಿಗೆ ಹೋದರು. ಜನ ಅವುಗಳ ಬಾಯಿ ಬಿಡಿಸಿ ಹಲ್ಲು ನೋಡಿದರು. ಬದುಕಿದ್ದಾಗ ಯಾರದ್ದೂ ಅಲ್ಲದ ಪ್ರಾಣಿಗಳನ್ನು ಸತ್ತ ಮೇಲೆ ಅರಣ್ಯದವರೂ ನಾಯಿ ಹಿಡಿಯುವವರೂ ಬಂದು ನಮ್ಮದು ನಮ್ಮದು ಎಂದು ಬರೆದುಕೊಂಡರು. ಬಾವಿಯ ಹತ್ತಿರ ಹೆಂಗಸರು ನನಗೆ ಜಾಗ ಬಿಟ್ಟು ಕೊಡ ತುಂಬಿಸಿ ಕೊಟ್ಟರು. ಪಕ್ಕದ ಹಳ್ಳಿಯ ಆ ತಾಯಿ ನಡೆದುಕೊಂಡು ಬಂದು ನನ್ನ ಕೈ ಹಿಡಿದುಕೊಂಡು ಬಹಳ ಹೊತ್ತು ಕೂತಿದ್ದಳು. ಆಮೇಲೆ ಅಂಥ ಪ್ರಾಣಿಗಳು ನಮ್ಮ ಕಡೆ ಮತ್ತೆ ಕಾಣಲಿಲ್ಲ. ಅದು ಸುಳ್ಳಲ್ಲ.

ಅವು ಸತ್ತ ದಿನ ಸಂಜೆ ನಾನು ಅತ್ತೆಗೆ ಮುದ್ದೆ ಸಾರು ಬಡಿಸಿಟ್ಟೆ. ತಟ್ಟೆಯನ್ನು ಕೈಯಿಂದ ಮೆಲ್ಲಗೆ ಆಚೆ ಸರಿಸಿದರು. ಬೈಯುತ್ತಾರೆ, ಕೂದಲು ಹಿಡಿಯುತ್ತಾರೆ ಎಂದು ನಾನು ಕಾದಿದ್ದೆ. ಅದಾಗಿದ್ದರೆ ನನಗೂ ಮಾತಿತ್ತು.

"ನೀನ್ ಮುಟ್ಟಿದ್ನ ನಾನ್ ನಂಬಿ ಇನ್ನೊಬ್ರಿಗ್ ಕೊಟ್ಟೆ" ಅಂದರು. "ಇನ್ ಮ್ಯಾಲೆ ನಿನ್ ಕೈಯಿಂದು ನಂಗ್ ಬ್ಯಾಡ ಕಣಮ್ಮ."

ಮಾರನೆಯ ದಿನ ಹಿತ್ತಿಲಲ್ಲಿ ಮೂರು ಕಲ್ಲು ಹೂಡಿ ತಮ್ಮ ಗಂಜಿ ತಾವೇ ಕಾಯಿಸಿಕೊಂಡರು. ಮಂದೆಯನ್ನು ತವರಿನ ಕಡೆಯವರಿಗೆ ಹೊಡೆದುಕೊಂಡು ಹೋಗಿ ಕೊಟ್ಟರು. ಒಂಬತ್ತು ವರ್ಷ ಹೀಗೇ ನಡೆಯಿತು. ನನ್ನ ಜೊತೆ ಮಾತಾಡುತ್ತಿದ್ದರು, ನನಗೆ ಜ್ವರ ಬಂದರೆ ಕಷಾಯ ಮಾಡಿ ಕೊಡುತ್ತಿದ್ದರು, ನಾನು ಕುಡಿಯುತ್ತಿದ್ದೆ. ನಾನು ಕೊಟ್ಟ ನೀರನ್ನು ಮಾತ್ರ ಮುಟ್ಟಲಿಲ್ಲ. ಮೊದಮೊದಲು ಕಣ್ಣೀರು ಹಾಕಿದೆ, ಆಮೇಲೆ ಸಿಟ್ಟು ಮಾಡಿದೆ, ಮಗಳನ್ನು ಕಳೆದುಕೊಳ್ಳಬೇಕಿತ್ತಾ ಎಂದು ಕೂಗಾಡಿದೆ. "ನೀನ್ ಮಾಡಿದ್ದು ತಪ್ಪು ಅಂದಿದ್ದೀನಾ?" ಅಂದರು. ಅಷ್ಟೇ. ಇನ್ನೊಮ್ಮೆ ಅಂಥ ದಿನ ಬಂದರೂ ನಾನು ಅದನ್ನೇ ಮಾಡುತ್ತೇನೆ. ಮಾಡುತ್ತೇನೆ ಎಂದು ಗೊತ್ತಿರುವುದರಿಂದಲೇ ಮಧ್ಯಾಹ್ನದ ಹೊತ್ತು ಎಲ್ಲಾದರೂ ನಾಯಿಮರಿ ಕುಂಯ್ ಅಂದರೆ ನಾನು ಎದ್ದು ಹೋಗಿ ಬಾಗಿಲು ಹಾಕಿಕೊಳ್ಳುತ್ತೇನೆ.

ಕೊನೆಗೆ ಅತ್ತೆ ಹಾಸಿಗೆ ಹಿಡಿದರು. ಒಲೆ ಹೊತ್ತಿಸುವ ಶಕ್ತಿ ಉಳಿದಿರಲಿಲ್ಲ. ಎರಡು ದಿನದಿಂದ ಏನೂ ಒಳಗೆ ಹೋಗಿರಲಿಲ್ಲ. ನಾನು ರಾಗಿ ಗಂಜಿ ಕಾಯಿಸಿ, ಆರಿಸಿ, ಚಮಚದಲ್ಲಿ ತುಟಿಯ ಹತ್ತಿರ ಹಿಡಿದೆ. ಕಣ್ಣು ತೆರೆದು ನನ್ನನ್ನು ನೋಡಿ ತುಟಿ ಬಿಗಿದುಕೊಂಡರು. "ಅತ್ತೆ, ನಿಮಗೆ ನಾನು ಯಾವತ್ತಾದ್ರೂ..." ಎಂದೆ. ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ.

ಮಗಳು ಹೊಸ್ತಿಲಲ್ಲಿ ನಿಂತಿದ್ದಳು. ಆಗ ಅವಳಿಗೆ ಹದಿಮೂರು. ಹಿಂದಿನದನ್ನು ನಾವು ಯಾರೂ ಅವಳಿಗೆ ಹೇಳಿರಲಿಲ್ಲ. ಅವಳು ಬಂದು ಬಟ್ಟಲನ್ನು ನನ್ನ ಕೈಯಿಂದ ತೆಗೆದುಕೊಂಡಳು. ಅವ್ವನ ಮುಖದ ಎದುರಿಗೆ ಹಿಡಿದು, ಮೊದಲು ತಾನು ಒಂದು ಗುಟುಕು ಕುಡಿದಳು. ನುಂಗಿದಳು. ಸ್ವಲ್ಪ ಹೊತ್ತು ಹಾಗೇ ಕಾದಳು.

ಆಮೇಲೆ ಅತ್ತೆ ಬಾಯಿ ತೆರೆದರು.